ಚೆನ್ನಮ್ಮ ಸಿಗದ ಆಟಿಗೆ ಅಂಗಡಿ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದು, ಕೈ ಒರೆಸಿಕೊಂಡು ಪಕ್ಕದ ಓಣಿಗೆ ತಿರುಗಿದರೆ ಒಂದು ಸಣ್ಣ ಆಟಿಗೆ ಸಾಮಾನಿನ ಅಂಗಡಿ. ಹೆಸರು ಬೇಡ, ಕೊನೆಗೆ ಸ್ವಲ್ಪ ಬೈಯುವುದಿದೆ.

ನನಗೀಗ ನಲವತ್ತೆರಡು. ಗಲ್ಲಾದ ಮೇಲೆ ಕೂತ ಕಾಕಾ ಪ್ರತಿ ಸಲ ಕೇಳುತ್ತಾರೆ, "ಎಷ್ಟ ವರ್ಷದ ಹುಡುಗಗ್ರೀ ಸರ?" ನಾನು "ಮಗಳಿಗ್ರೀ ಕಾಕಾ" ಅನ್ನುತ್ತೇನೆ. ಅರ್ಧ ನಿಜ.

ಭಾನುವಾರ ನಮ್ಮ ಊಟದ ಟೇಬಲ್ ಮೇಲೆ ಕಿತ್ತೂರಿನ ಯುದ್ಧ. 1824ರ ಅಕ್ಟೋಬರ್ 23, ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ ದಿನ. ಕೋಟೆ ಚಪ್ಪಲಿ ಡಬ್ಬಿಯದು. ಕವಡೆ ಬಿದ್ದಷ್ಟು ಹೆಜ್ಜೆ. ತೊಂದರೆ ಏನೆಂದರೆ, ಎಲ್ಲಿ ಹೋದರೂ ಸಿಗುವುದು ಹೆಲ್ಮೆಟ್ ಹಾಕಿ ಮಷಿನ್ ಗನ್ ಹಿಡಿದ ಹಸಿರು ಸೈನಿಕರೇ. ಅಮೆರಿಕದಲ್ಲಿ ಮೊದಲ ಪ್ಲಾಸ್ಟಿಕ್ ಸೈನಿಕರು ಬಂದಿದ್ದೇ 1938ರಲ್ಲಿ. ಅವರನ್ನು ಚೆನ್ನಮ್ಮನ ಕಾಲಕ್ಕೆ ಕರೆದೊಯ್ಯಲು ಬ್ಲೇಡು ಬೇಕು.

ಈ ಅಂಗಡಿ ನನಗೆ ಇಷ್ಟವಾಗಿದ್ದು ಇದಕ್ಕೇ. ಇಲ್ಲಿ ಬಿಡಿ ಗೊಂಬೆಗಳು ಟಬ್‌ನಲ್ಲಿ ಬಿದ್ದಿರುತ್ತವೆ. ಒಂದಕ್ಕೆ ಐದು ರೂಪಾಯಿ, ಕುದುರೆಗೆ ಹತ್ತು. ಕೂತು ಹುಡುಕಬಹುದು, ಯಾರೂ ಗದರಿಸುವುದಿಲ್ಲ. ಕೌಬಾಯ್ ಸವಾರರನ್ನು ಆರಿಸಿ ತಂದೆ. ಟೋಪಿ ಕತ್ತರಿಸಿ, ಎಂ-ಸೀಲ್‌ನಿಂದ ರುಮಾಲು ಸುತ್ತಿದೆ. ಪಿಸ್ತೂಲು ಹೋಯಿತು, ಕಸಬರಿಗೆ ಕಡ್ಡಿ ಈಟಿಯಾಯಿತು. ಸೊಟ್ಟಗಾದ ಕಾಲನ್ನು ಬಿಸಿನೀರಿಗೆ ಹಿಡಿದು ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಅದ್ದಿದರೆ ಹಾಗೇ ನಿಲ್ಲುತ್ತದೆ. ಬಣ್ಣ ಬಳಿಯುವ ಮೊದಲು ಸೋಪಿನಲ್ಲಿ ತೊಳೆದು, ತೆಳ್ಳಗೆ ಫೆವಿಕಾಲ್ ಹಚ್ಚಿ ಒಣಗಿಸಿ. ಈ ಮೆತ್ತನೆ ಪ್ಲಾಸ್ಟಿಕ್‌ಗೆ ಸುಮ್ನೆ ಬಣ್ಣ ಬಳಿದರೆ ಎರಡೇ ಯುದ್ಧಕ್ಕೆ ಸುಲಿದು ಬರುತ್ತದೆ.

ಆದರೆ ಇಡೀ ಟಬ್‌ನಲ್ಲಿ ಒಬ್ಬಳೂ ಹೆಂಗಸಿಲ್ಲ. ಚೆನ್ನಮ್ಮನಿಲ್ಲದ ಕಿತ್ತೂರು ಹೇಗಾಗುತ್ತದೆ? ಹೇಳಿದಾಗ ಕಾಕಾ ನಕ್ಕು ಒಳಗೆ ಹೋದರು. ಕೇಕ್ ಮೇಲೆ ಇಡುವ ರಾಜಕುಮಾರಿಯೊಂದನ್ನು ತಂದು, "ಇದನ್ನ ಒಯ್ರಿ, ರೊಕ್ಕ ಬ್ಯಾಡ" ಅಂದರು. ಮಗಳು ಆ ಗೌನಿಗೆ ಹಸಿರು ಬಳಿದು, ಕೆಂಪು ಸೆರಗು ಬರೆದು ಇಳಕಲ್ ಸೀರೆ ಮಾಡಿದಳು.

ಇನ್ನು ಬೈಗುಳ. ಪ್ಯಾಕ್ ಮಾಡಿದ ಮಾಲು ಕೊಳ್ಳಬೇಡಿ. ನಲವತ್ತು ಸೈನಿಕರು ಅಂತ ಬರೆದಿತ್ತು, ಎಣಿಸಿದರೆ ಮೂವತ್ನಾಲ್ಕು. "ಒಡದ ಮ್ಯಾಲ ವಾಪಸ್ ಇಲ್ರಿ" ಅಂದಿದ್ದು ಇದೇ ಕಾಕಾ. ಆಟಿಕೆಗಳಿಗೆ ಐಎಸ್‌ಐ ಗುರುತು 2021ರಿಂದ ಕಡ್ಡಾಯ, ಇಲ್ಲಿ ಅರ್ಧ ಪ್ಯಾಕೆಟ್‌ಗಳ ಮೇಲೆ ಅದಿಲ್ಲ. ಕೆಲವು ಸೀಮೆಎಣ್ಣೆಯಂತೆ ನಾರುತ್ತವೆ. ಸಣ್ಣ ಮಕ್ಕಳಿರುವ ಮನೆಗೆ ಬೇಡವೇ ಬೇಡ. ಅಳತೆಯಂತೂ ದೇವರಿಗೇ ಪ್ರೀತಿ. ನಾಯಿ ಆನೆಗಿಂತ ಎತ್ತರ!

ಎತ್ತು ಮಾತ್ರ ಇಲ್ಲಿ ತಗೋಬೇಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರು ಮಾರುವ ಜೋಡಿ ಅದಕ್ಕಿಂತ ಚೆಂದ, ಅಲ್ವಾ? ನಮ್ಮ ತೋಪು ಎಳೆಯುವುದು ಅವೇ. ಒಂದಕ್ಕೆ ಒಂದು ಕೋಡು ಮುರಿದಿದೆ. ಅದು ಥ್ಯಾಕರೆಯ ಕೆಲಸ ಅಂತ ಮಗಳ ವಾದ.