ಉಕ್ಕಿನ 14.2, ಕಾಂಪೋಸಿಟ್ 10, ಚೋಟು 5, ಪೈಪ್ ಗ್ಯಾಸ್: ಮೈಸೂರು–ಮಂಡ್ಯದ ಅಡುಗೆಮನೆಗೆ ಯಾವುದು?

ಮೈಸೂರು, ಮಂಡ್ಯದ ಮನೆಗಳಲ್ಲಿ ಹೆಚ್ಚಿನವು ಇಂದಿಗೂ 14.2 ಕೆಜಿಯ ಕೆಂಪು ಉಕ್ಕಿನ ಸಿಲಿಂಡರನ್ನೇ ನಂಬಿವೆ. ಇದರ ಜೊತೆಗೆ ಇಂಡೇನ್‌ನವರು 2021ರಲ್ಲಿ ತಂದ, ಪ್ಲಾಸ್ಟಿಕ್ ಮತ್ತು ಗಾಜಿನ ನಾರಿನ 10 ಕೆಜಿ ಕಾಂಪೋಸಿಟ್ ಸಿಲಿಂಡರ್ ಇದೆ, ಪೆಟ್ರೋಲ್ ಬಂಕಿನಲ್ಲೂ ಸಿಗುವ 5 ಕೆಜಿ ಚೋಟು ಇದೆ, ಮೈಸೂರಿನ ಕೆಲವು ಬಡಾವಣೆಗಳಿಗೆ ಪೈಪ್ ಗ್ಯಾಸೂ ಬಂದಿದೆ. ನಾಲ್ಕನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ವಾಲ್ವಿನಿಂದ ಒಲೆಯವರೆಗಿನ ಒಂದೂವರೆ ಮೀಟರ್ ಸರಿಯಿದ್ದರೆ ನಾಲ್ಕರಲ್ಲೂ ಅಡುಗೆ ನಿಶ್ಚಿಂತೆ. ಅದು ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಸಿಲಿಂಡರ್ ತಂದರೂ ಪ್ರಯೋಜನವಿಲ್ಲ. ಆಯ್ಕೆ ಮಾಡುವಾಗ ನೋಡಬೇಕಾದ್ದು ಸಿಲಿಂಡರನ್ನು ಯಾರು ಎತ್ತುತ್ತಾರೆ, ಎಲ್ಲಿ ಇಡುತ್ತಾರೆ, ಎಷ್ಟು ಜನಕ್ಕೆ ಅಡುಗೆ ಎಂಬುದನ್ನು.

ಮೊದಲು ತೂಕ. ಉಕ್ಕಿನ ಸಿಲಿಂಡರ್ ಖಾಲಿಯಿದ್ದಾಗಲೇ 15–16 ಕೆಜಿ, ತುಂಬಿದರೆ 30ರ ಆಸುಪಾಸು. ಹತ್ತು ಕೆಜಿ ಕಾಂಪೋಸಿಟ್ ತುಂಬಿದ್ದಾಗ ಹೆಚ್ಚುಕಡಿಮೆ ಖಾಲಿ ಉಕ್ಕಿನ ಸಿಲಿಂಡರಿನಷ್ಟು ತೂಗುತ್ತದೆ. ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಲಿಫ್ಟಿಲ್ಲದ ಎರಡನೇ ಮಹಡಿಯಲ್ಲಿ ವಯಸ್ಸಾದವರಿಬ್ಬರೇ ಇರುವ ಮನೆಗೆ ಈ ಒಂದು ಕಾರಣವೇ ಸಾಕು. ಕಾಂಪೋಸಿಟ್‌ನಲ್ಲಿ ಮೂರು ಪದರಗಳಿವೆ: ಒಳಗೆ ಪ್ಲಾಸ್ಟಿಕ್ಕಿನ ಬುಡ್ಡಿ, ಅದರ ಸುತ್ತ ಗಾಜಿನ ನಾರಿನ ಸುತ್ತು, ಹೊರಗೆ ಮತ್ತೆ ಪ್ಲಾಸ್ಟಿಕ್ ಕವಚ. ತುಕ್ಕು ಹಿಡಿಯದು, ರೆಡ್ ಆಕ್ಸೈಡ್ ನೆಲದ ಮೇಲೆ ಕಂದು ಬಳೆ ಬಿಡದು. ಮೈಯೊಳಗೆ ಬೆಳಕು ಹಾಯುವುದರಿಂದ ಹಿಂದೆ ಟಾರ್ಚ್ ಹಿಡಿದರೆ ಗ್ಯಾಸ್ ಎಷ್ಟಿದೆಯೆಂಬುದು ಗೆರೆ ಎಳೆದಂತೆ ಕಾಣುತ್ತದೆ. ಆದರೆ ಠೇವಣಿ ಉಕ್ಕಿನದಕ್ಕಿಂತ ಜಾಸ್ತಿ, ಎಲ್ಲ ಏಜೆನ್ಸಿಗಳಲ್ಲೂ ಸಿಗುವುದಿಲ್ಲ, ಬಿಸಿಲು ನೇರವಾಗಿ ಬೀಳುವ ಬಾಲ್ಕನಿಯಲ್ಲಿ ಇಡುವಂತಿಲ್ಲ. ಮಂಡ್ಯ ಸುತ್ತಿನ ಹಳ್ಳಿಯ ಕೂಡುಕುಟುಂಬಕ್ಕೆ ನಾವು ಇದನ್ನು ಹೇಳುವುದಿಲ್ಲ. ಹತ್ತು ಕೆಜಿ ಬೇಗ ಮುಗಿಯುತ್ತದೆ, ಬುಕಿಂಗ್ ಹೆಚ್ಚುತ್ತದೆ. ಅಲ್ಲಿಗೆ ಉಕ್ಕಿನದೇ ಸರಿ.

ಉಕ್ಕಿನದರಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಕೆಲವರು ಅಲ್ಲಾಡಿಸುತ್ತಾರೆ, ಇನ್ನು ಕೆಲವರು ಕೊನೆಯ ದಿನ ಮಲಗಿಸಿ ಉರಿಸುತ್ತಾರೆ. ಮಲಗಿಸುವುದು ಅಪಾಯ: ಆವಿ ಹೋಗಬೇಕಾದ ರೆಗ್ಯುಲೇಟರಿಗೆ ದ್ರವವೇ ನುಗ್ಗುತ್ತದೆ, ಆ ದ್ರವ ಆವಿಯಾದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ, ಒಲೆಯಲ್ಲಿ ಜ್ವಾಲೆ ಭುಗ್ಗೆನ್ನುತ್ತದೆ. ತೂಕ ಹಾಕುವುದೇ ನೇರ ದಾರಿ. ಹಿಡಿಯ ಕೆಳಗಿನ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ. ಅದು 15.8 ಇದ್ದರೆ ತುಂಬಿದ ಸಿಲಿಂಡರ್ 30 ಕೆಜಿ ತೂಗಬೇಕು. ಡೆಲಿವರಿಗೆ ಬಂದವರನ್ನು ತಕ್ಕಡಿ ಕೇಳಲು ಸಂಕೋಚ ಬೇಡ, ಅದು ಗ್ರಾಹಕರ ಹಕ್ಕು. ಮೊಬೈಲಿಗೆ ಬಂದ ಡೆಲಿವರಿ ಕೋಡನ್ನು ಇದೆಲ್ಲ ನೋಡಿದ ಮೇಲೆ ಹೇಳಿ.

ಪಟ್ಟಿಯ ಒಳಮೈಯಲ್ಲಿ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡಂಕಿ ಇರುತ್ತದೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ-29 ಎಂದಿದ್ದರೆ 2029ರ ಜೂನ್ ಒಳಗೆ ಆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ದಿನ ದಾಟಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸಿ.

ಇನ್ನು ಸೋರಿಕೆ. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. ವಾಲ್ವಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿರುತ್ತವೆ, ಎರಡಕ್ಕೂ ಪರೀಕ್ಷೆ ಬೇರೆ. ಒಂದು, ನಡುವಿನ ಪಿನ್ ಸರಿಯಾಗಿ ಕೂತಿರುವುದಿಲ್ಲ. ಆಗ ರೆಗ್ಯುಲೇಟರ್ ಹಾಕದಿದ್ದರೂ ಗ್ಯಾಸ್ ಬರುತ್ತಿರುತ್ತದೆ. ಸೀಲ್ ತೆಗೆದು ವಾಲ್ವಿನ ಬಾಯಿಗೆ ಒಂದು ಚಮಚ ನೀರು ಬಿಟ್ಟರೆ ಗುಳ್ಳೆ ಏಳುತ್ತದೆ. ಇನ್ನೊಂದು, ಒಳಗಿನ ರಬ್ಬರ್ ರಿಂಗ್ ಬಿರಿದಿರುತ್ತದೆ ಅಥವಾ ಇರುವುದೇ ಇಲ್ಲ. ರೆಗ್ಯುಲೇಟರ್ ಕೂರಿಸಿ ನಾಬ್ ತಿರುಗಿಸಿದಾಗಲೇ ಪಿನ್ ಕೆಳಗಿಳಿದು ಗ್ಯಾಸ್ ಮೇಲೆ ಬರುವುದರಿಂದ ನೀರಿನ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ರೆಗ್ಯುಲೇಟರ್ ಆನ್ ಮಾಡಿ, ಒಲೆಯ ನಾಬ್ ಮುಚ್ಚಿಟ್ಟು, ಸೋಪಿನ ನೊರೆಯನ್ನು ವಾಲ್ವಿನ ಸುತ್ತ, ಪೈಪಿನ ಎರಡೂ ತುದಿಗೆ ಹಚ್ಚಿ ನೋಡಿ. ನೊರೆ ಉಬ್ಬಿದರೆ ಸೋರುತ್ತಿದೆ. ಬೆಂಕಿಕಡ್ಡಿ ಹಿಡಿದು ನೋಡುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಟ್ಟುಬಿಡಿ. ರಿಂಗನ್ನು ನೀವೇ ಕೀಳಲು ಹೋಗಬೇಡಿ, ಏಜೆನ್ಸಿಯವರೇ ಹಾಕಿಕೊಡಲಿ. ಕಾಂಪೋಸಿಟ್ ತಂದವರು ಇದು ತಮಗಲ್ಲ ಎಂದುಕೊಳ್ಳಬಾರದು. ಅದರಲ್ಲೂ ವಾಲ್ವಿದೆ, ರಬ್ಬರಿದೆ.

ಪೈಪಿನ ವಿಷಯದಲ್ಲಿ ಹೋಲಿಕೆಗೆ ಅರ್ಥವೇ ಇಲ್ಲ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ರಬ್ಬರ್ ಪೈಪ್ ಬೇಡ. ಒಳಗೆ ತಂತಿಯ ಹೆಣಿಗೆಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಇರಲಿ, ಐದು ವರ್ಷಕ್ಕೆ ಬದಲಾಗಲಿ. ಗದ್ದೆ ಬಯಲಿನ ಮನೆಗಳಲ್ಲಿ ಇಲಿ ಹಲ್ಲು ಹಾಕುವುದು ಸಾಮಾನ್ಯ, ತಂತಿ ಹೆಣಿಗೆ ಅದಕ್ಕೆ ಅಡ್ಡ ಬರುತ್ತದೆ. ನಮ್ಮ ಕಡೆಯ ಅಡುಗೆಮನೆಯದು ಇನ್ನೊಂದು ವಿಶೇಷವಿದೆ: ಮುದ್ದೆ. ಕೋಲು ಹಿಡಿದು ಹಿಟ್ಟು ತೊಳಸುವಾಗ ಪಾತ್ರೆಯ ಜೊತೆ ಒಲೆಯೂ ಸರಿಯುತ್ತದೆ, ಪ್ರತಿದಿನ ಪೈಪ್ ಗ್ರಾನೈಟಿನ ಚೂಪು ಅಂಚಿಗೆ ಉಜ್ಜುತ್ತದೆ. ಮೇಲಿನಿಂದ ನೋಡಿದರೆ ಪೈಪ್ ಹೊಸದರಂತಿರುತ್ತದೆ, ಸವೆದಿರುವುದು ಅಂಚಿಗೆ ತಾಗುವ ಕೆಳಭಾಗ. ಬೆರಳಾಡಿಸಿ ನೋಡಿ. ಸ್ಲ್ಯಾಬಿನ ತೂತಿನಲ್ಲಿ ಪೈಪ್ ಇಳಿಸಿದ್ದರೆ ತೂತಿನ ಅಂಚನ್ನು ನುಣ್ಣಗೆ ಮಾಡಿಸಿ. ಗೋಡೆ ಕೊರೆದು ರಬ್ಬರ್ ಪೈಪ್ ಹಾಯಿಸುವಂತಿಲ್ಲ. ಸಿಲಿಂಡರ್ ಯುಟಿಲಿಟಿಯಲ್ಲೇ ಇರಬೇಕೆಂದರೆ ಏಜೆನ್ಸಿಯಿಂದ ತಾಮ್ರದ ಲೈನ್ ಹಾಕಿಸಿ.

ಚೋಟು ಗುರುತಿನ ಚೀಟಿ ತೋರಿಸಿದರೆ ಸಾಕು, ಸಿಗುತ್ತದೆ. ಓದಲು ಬಂದು ರೂಮು ಮಾಡಿಕೊಂಡವರಿಗೆ ಒಳ್ಳೆಯದು. ಆದರೆ ರಸ್ತೆಬದಿಯಲ್ಲಿ ದೊಡ್ಡ ಸಿಲಿಂಡರಿನಿಂದ ತುಂಬಿಕೊಡುವ ಕಳ್ಳ ಬುಡ್ಡಿಗೂ ಇದಕ್ಕೂ ಅಜಗಜಾಂತರ. ಆ ಬುಡ್ಡಿಗಳಲ್ಲಿ ಎಷ್ಟು ತುಂಬಿದರು ಎಂಬ ಲೆಕ್ಕವಿರುವುದಿಲ್ಲ. ಹಿಗ್ಗಲು ಜಾಗ ಬಿಡದೆ ತುಂಬಿದ್ದರೆ ಬೇಸಿಗೆಯಲ್ಲಿ ಸಿಡಿಯಬಹುದು. ಚೋಟುವಿಗೆ ಗ್ಯಾಸ್ ಗೀಸರ್ ಜೋಡಿಸಬೇಡಿ. ನಿಮಿಷಕ್ಕೆ ಆರು ಲೀಟರಿನ ಗೀಸರ್ ಗಂಟೆಗೆ ಸುಮಾರು ಒಂದು ಕೆಜಿ ಎಳೆಯುತ್ತದೆ. ಅಷ್ಟು ಬೇಗ ಆವಿಯಾಗಲು ಚಿಕ್ಕ ಸಿಲಿಂಡರಿಗೆ ಹೊರಗಿನ ಬಿಸಿ ಸಾಲದು, ಮೈ ತಣ್ಣಗಾಗಿ ಬೆವರುತ್ತದೆ, ಒತ್ತಡ ಇಳಿದು ಗೀಸರ್ ಆರುತ್ತದೆ. ಗೀಸರ್ ಯಾವ ಸಿಲಿಂಡರಿನದಾದರೂ ಬಚ್ಚಲಮನೆಯ ಹೊರಗೇ ಇರಬೇಕು. ಮುಚ್ಚಿದ ಬಚ್ಚಲಿನಲ್ಲಿ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ.

ಪೈಪ್ ಗ್ಯಾಸ್ ಬಂದ ಬೀದಿಯವರಿಗೆ ಬುಕಿಂಗ್, ಎತ್ತುವಿಕೆ ಎರಡೂ ತಪ್ಪಿತು. ಮನೆಯೊಳಗೆ ಸಂಗ್ರಹವಿಲ್ಲ ಎಂಬುದೇ ದೊಡ್ಡ ಲಾಭ. ಗಮನಿಸಬೇಕಾದ್ದು, ಅನಿಲವೇ ಬೇರೆ. ಸಿಲಿಂಡರಿನದು ಪ್ರೊಪೇನ್–ಬ್ಯುಟೇನ್ ಮಿಶ್ರಣ, ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ಸಂಪು, ಚರಂಡಿಗೆ ಇಳಿಯುತ್ತದೆ. ಅದಕ್ಕೆ ಗಾಳಿಕಿಂಡಿ ನೆಲಮಟ್ಟದಲ್ಲಿ ಬೇಕು. ಪೈಪಿನದು ಬಹುಪಾಲು ಮೀಥೇನ್, ಹಗುರ, ಸೂರಿಗೆ ಏರುತ್ತದೆ. ಅದಕ್ಕೆ ಕಿಂಡಿ ಮೇಲೆ ಬೇಕು. ಒಲೆಯ ಜೆಟ್, ಅಂದರೆ ಗ್ಯಾಸ್ ಹೊರಬರುವ ತೂತಿನ ಬಿಡಿಭಾಗ, ಬದಲಿಸದೆ ಉರಿಸಿದರೆ ಜ್ವಾಲೆ ಸಣ್ಣದಾಗುತ್ತದೆ, ಏಕೆಂದರೆ ಮೀಥೇನಿಗೆ ದೊಡ್ಡ ತೂತು ಬೇಕು. ಮುಂದೆ ಮನೆ ಬದಲಿಸಿ, ಜೆಟ್ ಬದಲಿಸಿದ ಆ ಒಲೆಯನ್ನು ಹಾಗೆಯೇ ಸಿಲಿಂಡರಿಗೆ ಜೋಡಿಸಿದರೆ ಉಲ್ಟಾ ಆಗುತ್ತದೆ: ಉದ್ದನೆಯ ಹಳದಿ ಜ್ವಾಲೆ, ಪಾತ್ರೆ ತುಂಬ ಮಸಿ. ಹಳೆಯ ಜೆಟ್‌ಗಳನ್ನು ಪೊಟ್ಟಣ ಕಟ್ಟಿ, ಹೆಸರು ಬರೆದು ಇಟ್ಟುಕೊಳ್ಳಿ.

ವಾಸನೆ ಬಂದಾಗ ಮಾಡುವುದು ಎಲ್ಲಕ್ಕೂ ಒಂದೇ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆರಿಸಲೂ ಬೇಡ. ದೇವರ ದೀಪ ಉರಿಯುತ್ತಿದ್ದರೆ ನಂದಿಸಿ. ಒಲೆ, ರೆಗ್ಯುಲೇಟರ್ ಮುಚ್ಚಿ, ಪೈಪ್ ಗ್ಯಾಸಾದರೆ ಮೀಟರಿನ ಬಳಿಯ ವಾಲ್ವ್ ತಿರುಗಿಸಿ. ಸಿಲಿಂಡರಾದರೆ ರೆಗ್ಯುಲೇಟರ್ ಕಳಚಿ, ದಾರದಲ್ಲಿ ತೂಗುವ ಕ್ಯಾಪನ್ನು ವಾಲ್ವಿಗೆ ಒತ್ತಿ, ಬಾಗಿಲು ಕಿಟಕಿ ತೆರೆದು, ಬೀದಿಗೆ ಬಂದ ಮೇಲೆ ಫೋನ್ ಮಾಡಿ. ಸಿಲಿಂಡರ್ ಗ್ಯಾಸಿಗೆ 1906, ಪೈಪ್ ಗ್ಯಾಸಿಗೆ ಬಿಲ್ಲಿನ ಮೇಲಿರುವ ತುರ್ತು ನಂಬರ್.