ಔಷಧ ಅಂಗಡಿಯ ಡ್ರಾಯರಿನಲ್ಲಿ ಉಳಿದ ಕೊರೊನಾ ಕಾಗದಗಳು

ಕರ್ನಾಟಕದ ಗಡಿಗೆ ಹತ್ತಿರದ, ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ನನ್ನದೊಂದು ಔಷಧ ಅಂಗಡಿ. ಕಳೆದ ವಾರ ಕೆಳಗಿನ ಡ್ರಾಯರ್ ಖಾಲಿ ಮಾಡುವಾಗ 2020 ಮತ್ತು 2021ರ ಕೊರೊನಾ ಕರಪತ್ರಗಳ ಕಟ್ಟೊಂದು ಸಿಕ್ಕಿತು. ಇವನ್ನೆಲ್ಲ ಗಾಜಿಗೆ ಅಂಟಿಸಿದವನೂ ನಾನೇ, ಓದಿ ಅರ್ಥವಾಗದೆ ಒಳಬಂದವರಿಗೆ ವಿವರಿಸಿದವನೂ ನಾನೇ. ಹಾಗಾಗಿ ನನ್ನ ಅಳತೆಗೋಲು ಒಂದೇ: ಯಾವುದನ್ನು ಓದಿದವರು ಪ್ರಶ್ನೆ ಹಿಡಿದುಕೊಂಡು ನನ್ನ ಕೌಂಟರಿಗೆ ಬರಲಿಲ್ಲವೋ ಅದು ಒಳ್ಳೆಯ ಕರಪತ್ರ.

ಕೆಟ್ಟದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಒಂದು ಕಚೇರಿಯಿಂದ ಬಂದ ಹಳದಿ ಹಾಳೆ. ದಪ್ಪ ಕಾಗದ, ಅಚ್ಚುಕಟ್ಟಾದ ಮುದ್ರಣ. ಲಿಪಿ ಕನ್ನಡ, ವಾಕ್ಯ ಮಲಯಾಳ. ‘ಗಮನಿಸಿ’ ಎನ್ನುವ ಬದಲು ಬರುವ ‘ಶ್ರದ್ಧಿಸಿರಿ’ಗೆ ನಾವು ಕಾಸರಗೋಡಿನವರು ಒಗ್ಗಿಹೋಗಿದ್ದೇವೆ, ಬಿಡಿ. ಆದರೆ ‘ಊರಿಗೆ ಮರಳಿದವರು 14 ದಿನ ನಿರೀಕ್ಷಣೆಯಲ್ಲಿರಬೇಕು’ ಎಂದರೆ? ಮಲಯಾಳದಲ್ಲಿ ನಿರೀಕ್ಷಣ ಎಂದರೆ ನಿಗಾ. ನಮಗೆ ನೆನಪಾಗುವುದು ನಿರೀಕ್ಷಣಾ ಜಾಮೀನು. ಮುಂಬಯಿಯಿಂದ ಬಂದ ಮಗನಿಗೆ ವಿಟಮಿನ್ ಮಾತ್ರೆ ಕೊಳ್ಳಲು ಬಂದ ಕೃಷಿಕರೊಬ್ಬರು, “ನಾವು ಯಾರನ್ನು ನಿರೀಕ್ಷಿಸಬೇಕು? ಆರೋಗ್ಯ ಇಲಾಖೆಯವರು ಬರುತ್ತಾರೆಯೇ?” ಎಂದು ಗಂಭೀರವಾಗಿಯೇ ಕೇಳಿದರು. ಮಗ ಹೊರಗೆ ಬೈಕಿನ ಮೇಲೆ ಕುಳಿತು ನಿರೀಕ್ಷಿಸುತ್ತಿದ್ದ.

ಪುತ್ತೂರಿನ ನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ, ನಾನು ಮುದ್ರಿಸಿಕೊಂಡ ಪುಟ ಭಾಷೆಯಲ್ಲಿ ಬಲು ಚೊಕ್ಕ. ‘ಬೇರೆ ಕೋಣೆಯಲ್ಲಿರಿ, ತಟ್ಟೆ ಲೋಟ ಬೇರೆ ಇರಲಿ’ ಎಂದು ಮನೆಯ ಹಿರಿಯರು ಹೇಳುವ ಹಾಗೆ ಇತ್ತು. ಕೊನೆಯಲ್ಲಿ ಮಾತ್ರ ಕರ್ನಾಟಕದ ಆಪ್ತಮಿತ್ರ ಸಹಾಯವಾಣಿಯ 14410. ನಮಗೆ ಬೇಕಾದದ್ದು ಕೇರಳದ ಆರೋಗ್ಯ ಸಹಾಯವಾಣಿ ದಿಶಾ, 1056. ಯಾರೂ ದಾಟದಂತೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದ ದಿನಗಳವು. ಅರ್ಥವಾಗುವ ಭಾಷೆ ಆಚೆ, ಹೋಗಬಹುದಾದ ಆಸ್ಪತ್ರೆ ಈಚೆ. ಪ್ರತಿಯೊಂದು ಪ್ರತಿಯಲ್ಲೂ ಆ ಸಂಖ್ಯೆ ಹೊಡೆದುಹಾಕಿ ಪೆನ್ನಿನಲ್ಲಿ 1056 ಬರೆದೆ.

ಕೈ ತೊಳೆಯುವ ಚಿತ್ರಗಳ ಭಿತ್ತಿಪತ್ರ ಪರವಾಗಿಲ್ಲ. ಹೊಳೆಯುವ ನಲ್ಲಿಯ ಬದಲು ಬಾವಿಕಟ್ಟೆ, ಚೆಂಬು ಬರೆದಿದ್ದರೆ ಇನ್ನೂ ಚೆನ್ನಾಗಿತ್ತು.

ನನ್ನ ದೊಡ್ಡ ತಕರಾರು ಲಸಿಕೆಯ ಹಾಳೆಗಳ ಮೇಲೆ. ಕೋವಿಶೀಲ್ಡ್‌ನ ಎರಡನೇ ಡೋಸಿಗೆ ಮೊದಲು 4ರಿಂದ 6 ವಾರ ಎಂದಿದ್ದರು. 2021ರ ಮಾರ್ಚಿನಲ್ಲಿ 8 ವಾರದವರೆಗೆ ಹೋಯಿತು, ಮೇ ತಿಂಗಳಲ್ಲಿ 12ರಿಂದ 16 ವಾರವಾಯಿತು. ಹೊಸ ಮಾಹಿತಿ ಬಂದಾಗ ಸಲಹೆ ಬದಲಾಗುವುದು ತಪ್ಪಲ್ಲ. ಆದರೆ ಮೂರೂ ಹಾಳೆ ನನ್ನ ಗಾಜಿನ ಮೇಲೆ ಪಕ್ಕಪಕ್ಕದಲ್ಲಿದ್ದವು, ಒಂದರಲ್ಲೂ ತಾರೀಕು ಇರಲಿಲ್ಲ. ಪಕ್ಕದ ಮನೆಯವರಿಗೆ ತಿಂಗಳಲ್ಲೇ ಆಯಿತು, ನನಗೆ 84 ದಿನ ಎನ್ನುತ್ತಾರೆ, ಬಿಪಿಎಲ್ ಕಾರ್ಡಿನವರಿಗೆ ತಡವೇ ಎಂದು ಒಬ್ಬ ಅಜ್ಜಿ ಕೇಳಿದರು. ಜ್ವರದ ಮಾತ್ರೆಯ ಪಟ್ಟಿಯ ಮೇಲೂ ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಇರುತ್ತದೆ. ಅವಧಿ ಮುಗಿದ ಮಾತ್ರೆ ಮಾರಿದರೆ ನನ್ನ ಲೈಸೆನ್ಸಿಗೇ ಸಂಚಕಾರ. ಅವಧಿ ಮುಗಿದ ಸಲಹೆಯನ್ನು ತಿಂಗಳುಗಟ್ಟಲೆ ಪ್ರದರ್ಶನಕ್ಕಿಟ್ಟೆ, ಯಾರೂ ಕೇಳಲಿಲ್ಲ.

ಪೂರ್ಣ ಅಂಕ ಕೊಡುವುದಾದರೆ ಕಾಗದಕ್ಕಲ್ಲ, ಬಕೆಟಿಗೆ. 2020ರ ಮಾರ್ಚಿನಲ್ಲಿ ಕೇರಳದಲ್ಲಿ ‘ಬ್ರೇಕ್ ದ ಚೈನ್’ ಎಂಬ ಕೈ ತೊಳೆಯುವ ಅಭಿಯಾನ ಶುರುವಾದಾಗ ಅಂಗಡಿ, ಬಸ್ ನಿಲ್ದಾಣಗಳ ಮುಂದೆ ನೀರು, ಸಾಬೂನು ಬಂದವು. ನಾನೂ ನಲ್ಲಿ ಇರುವ ನೀಲಿ ಬಕೆಟ್ ಇಟ್ಟೆ. ನನ್ನ ಸಹಾಯಕಿ ರಟ್ಟಿನ ಮೇಲೆ ‘ಮೊದಲು ಕೈ, ಆಮೇಲೆ ಮದ್ದು’ ಎಂದು ಬರೆದು ತೂಗುಹಾಕಿದಳು. ತುಳು ಮಾತ್ರ ಬಲ್ಲವರು, ಮಲಯಾಳ ಮಾತ್ರ ಓದುವವರು, ಏನನ್ನೂ ಓದದವರು, ಯಾರೂ ಅರ್ಥ ಕೇಳಲಿಲ್ಲ. ಸಾಬೂನು ಎರಡು ಸಲ ಕಳವಾಯಿತು. ಅದನ್ನೂ ಪ್ರಚಾರದ ಯಶಸ್ಸೆಂದೇ ಲೆಕ್ಕ ಹಾಕಿದ್ದೇನೆ.

ಮೊನ್ನೆ ಇಲಿಜ್ವರದ ಹೊಸ ಕರಪತ್ರ ಬಂತು. ಕನ್ನಡ ಈ ಸಲ ಕನ್ನಡವೇ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ತಾರೀಕಿಲ್ಲ. ಮೂಲೆಯಲ್ಲಿ ಪೆನ್ನಿನಿಂದ ಬರೆದು ಅಂಟಿಸಿದ್ದೇನೆ.