ಫ್ಯಾಷನ್ ಶೂಟ್‌ಗೆ ಬೆಲೆ: ದಿನಕ್ಕೋ, ಪೀಸಿಗೋ, ಪ್ಯಾಕೇಜೋ, ಬಳಕೆಗೋ?

ಹುಬ್ಬಳ್ಳಿಯ ಬಟ್ಟೆ ಅಂಗಡಿಯವರು ಶೂಟ್‌ಗೆ ಅಂತ ಫೋನ್ ಮಾಡಿದರೆ ಮೊದಲು ಕೇಳುವುದು ಎರಡರಲ್ಲಿ ಒಂದು. ‘ದಿನಕ್ಕ ಎಷ್ಟ್ ತಗೋತೀರಿ?’ ಇಲ್ಲವೇ ‘ಒಂದ್ ಪೀಸಿಗೆ ಎಷ್ಟ್ ಹೇಳ್ರಿ?’ ಫೋಟೋ ಎಲ್ಲಿ ಹಾಕುತ್ತೇವೆ, ಎಷ್ಟು ತಿಂಗಳು ಹಾಕುತ್ತೇವೆ ಅನ್ನುವ ಮಾತು ಬರುವುದೇ ಇಲ್ಲ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಆಗುವುದು ಅಲ್ಲೇ. ಈ ಊರಲ್ಲಿ ಕೆಲಸ ಮಾಡುತ್ತಾ ನಾನು ನಾಲ್ಕು ಬಗೆಯ ಲೆಕ್ಕ ಹಾಕಿ ನೋಡಿದ್ದೇನೆ. ದಿನದ ರೇಟು, ಪೀಸ್ ರೇಟು, ಎಲ್ಲ ಸೇರಿದ ಪ್ಯಾಕೇಜು, ಕೊನೆಗೆ ಕೆಲಸಕ್ಕೆ ಬೇರೆ ಬಳಕೆಗೆ ಬೇರೆ ಅನ್ನುವ ಲೆಕ್ಕ. ಮದುವೆ ಫೋಟೋದಿಂದ ಈ ಕಡೆ ಬರುತ್ತಿರುವ ಹುಡುಗ ಹುಡುಗಿಯರಿಗೂ, ಶೂಟ್ ಮಾಡಿಸುವ ಸಾವಕಾರರಿಗೂ ಇದು ಉಪಯೋಗಕ್ಕೆ ಬಂದರೆ ಸಂತೋಷ.

ಯಾವ ರೇಟು ಹೇಳುವ ಮೊದಲೂ ನಮ್ಮ ಒಂದು ದಿನ ನಮಗೇ ಎಷ್ಟಕ್ಕೆ ಬೀಳುತ್ತದೆ ಅಂತ ಗೊತ್ತಿರಬೇಕು. ಕ್ಯಾಮೆರಾ, ಲೆನ್ಸ್, ಲೈಟು ಸವೆಯುತ್ತವೆ. ಸ್ಟುಡಿಯೋ ಬಾಡಿಗೆ, ಕರೆಂಟು, ಹಾರ್ಡ್ ಡಿಸ್ಕ್, ಎಡಿಟಿಂಗ್ ಸಾಫ್ಟ್‌ವೇರ್, ಪೆಟ್ರೋಲು, ಇನ್ಶೂರೆನ್ಸ್ ಎಲ್ಲ ಸೇರಿ ವರ್ಷಕ್ಕೆ 4 ಲಕ್ಷ ಅಂತ ಇಟ್ಟುಕೊಳ್ಳಿ. ಮನೆ ನಡೆಸಲು 5 ಲಕ್ಷ ಬೇಕು. ಒಟ್ಟು 9 ಲಕ್ಷ. ನಮ್ಮ ಕಡೆ ಕೆಲಸ ಬರುವುದು ಯುಗಾದಿ, ನಾಗರ ಪಂಚಮಿ, ದಸರಾ, ದೀಪಾವಳಿ, ಮದುವೆ ಸೀಸನ್ನಿನ ಮುಂಚೆ. ವರ್ಷದಲ್ಲಿ 75 ದಿನ ಶೂಟ್ ಸಿಕ್ಕರೆ ದಿನಕ್ಕೆ 12,000 ರೂಪಾಯಿ ಬಂದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಇದು ಬರೀ ಉದಾಹರಣೆ. ನಿಮ್ಮ ಅಂಕಿ ನೀವೇ ಹಾಕಿಕೊಳ್ಳಿ. ಆದರೆ ಭಾಗಿಸುವಾಗ 365ರಿಂದ ಭಾಗಿಸಬೇಡಿ. ಉಳಿದ ದಿನಗಳು ಎಡಿಟಿಂಗ್‌ಗೆ, ಅಂಗಡಿಯವರ ಜೊತೆ ಮಾತಿಗೆ, ಬಾಕಿ ವಸೂಲಿಗೆ ಹೋಗುತ್ತವೆ.

ಈಗ ಒಂದೊಂದಾಗಿ ನೋಡೋಣ.

ಸೀರೆ ಶೂಟ್‌ಗೆ ದಿನದ ರೇಟಿನಷ್ಟು ನ್ಯಾಯವಾದ ಲೆಕ್ಕ ಬೇರೆ ಇಲ್ಲ ಅಂತ ನನಗೆ ಅನಿಸುತ್ತದೆ. ಕುರ್ತಿ ಬದಲಿಸಲು ಮಾಡೆಲ್‌ಗೆ ಎರಡು ಮೂರು ನಿಮಿಷ ಸಾಕು. ಸೀರೆ ಹಾಗಲ್ಲ. ಇಸ್ತ್ರಿ ಆಗಬೇಕು, ನೆರಿಗೆ ಕೂರಬೇಕು, ಸೆರಗಿಗೆ ಪಿನ್ ಹಾಕಬೇಕು, ದಡಿ ಎಲ್ಲೂ ಮಡಚಿಕೊಳ್ಳದೆ ಕಾಣಬೇಕು. ಕೈ ಪಳಗಿದವರು ಉಡಿಸಿದರೂ ಒಂದಕ್ಕೆ ಹತ್ತು ಹದಿನೈದು ನಿಮಿಷ ಹೋಗುತ್ತದೆ. ಇಳಕಲ್ ಸೀರೆಯಾದರೆ ಲೈಟಿನ ಕೆಲಸವೂ ಜಾಸ್ತಿ. ಒಡಲಿನ ಬಣ್ಣ ಗಾಢ, ಸೆರಗು ಕೆಂಪು, ಅದರಲ್ಲಿ ಬಿಳಿ ವಿನ್ಯಾಸ. ಒಡಲಿಗೆ ಲೈಟು ಸರಿ ಮಾಡಿದರೆ ಸೆರಗಿನ ಬಿಳಿ ಸುಟ್ಟುಹೋಗುತ್ತದೆ. ಸೆರಗಿಗೆ ಸರಿ ಮಾಡಿದರೆ ಒಡಲು ಕಪ್ಪಾಗಿ ನೇಯ್ಗೆ ಕಾಣುವುದಿಲ್ಲ. ಗಜೇಂದ್ರಗಡದ ಮಗ್ಗದಿಂದ ಬಂದ ಒಂದು ಒಳ್ಳೆ ಸೀರೆಯನ್ನು ಅದರ ಯೋಗ್ಯತೆಗೆ ತಕ್ಕಂತೆ ತೋರಿಸಬೇಕಾದರೆ ಗಡಿಯಾರ ನೋಡಿಕೊಂಡು ಕೆಲಸ ಮಾಡಲು ಆಗಲ್ಲ.

ದಿನದ ರೇಟಿನ ಇನ್ನೊಂದು ಗುಣ ನನಗೆ ಇಷ್ಟ. ತಡ ಆದರೆ ಅದರ ಹೊರೆ ತಡ ಮಾಡಿದವರ ಮೇಲೆ ಬೀಳುತ್ತದೆ. ಬ್ಲೌಸು ಇನ್ನೂ ಟೇಲರ್ ಹತ್ತಿರವೇ ಇದೆ, ಸ್ಟಾಕು ಗೋಡೌನಿನಿಂದ ಬಂದಿಲ್ಲ, ಸಾವಕಾರರ ಮಗಳು ಬಂದು ನೋಡುವವರೆಗೂ ನಿಲ್ಲಿಸಿ – ಇವೆಲ್ಲ ನಮ್ಮ ಕಡೆ ದಿನಾ ನಡೆಯುವ ಮಾತು. ಪೀಸ್ ಲೆಕ್ಕದಲ್ಲಿ ಆ ಹೊತ್ತು ಪುಕ್ಕಟೆ ಹೋಗುತ್ತದೆ, ದಿನದ ಲೆಕ್ಕದಲ್ಲಿ ಹೋಗುವುದಿಲ್ಲ. ಆದರೆ ದಿನ ಅಂದರೆ ಎಷ್ಟು ಗಂಟೆ ಅಂತ ಬರೆದುಕೊಳ್ಳಬೇಕು. ನಾನು ಎಂಟು ಗಂಟೆ ಅಂತ ಬರೆಯುತ್ತೇನೆ, ಮೇಲೆ ಹೋದ ಪ್ರತಿ ಗಂಟೆಗೂ ಬೇರೆ. ಅರ್ಧ ದಿನಕ್ಕೆ ಅರ್ಧ ರೇಟು ಕೊಡಬೇಡಿ. ಉಳಿದರ್ಧ ದಿನವನ್ನು ಬೇರೆಯವರಿಗೆ ಮಾರಲು ಆಗುವುದಿಲ್ಲ, ಅಲ್ವಾ? ಪೂರ್ತಿ ದಿನದ ಶೇ. 60 ಅಥವಾ 65 ಕೇಳುವುದು ಸರಿ.

ಅಂಗಡಿಯವರಿಗೆ ಇದರಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ಇವರು ಬೇಕಂತಲೇ ನಿಧಾನ ಮಾಡಿದರೆ? ಆ ಪ್ರಶ್ನೆ ತಪ್ಪಲ್ಲ. ಅದಕ್ಕೆ ದಿನಕ್ಕೆ ಕಡಿಮೆ ಎಂದರೂ ಇಷ್ಟು ಸೀರೆ ಮುಗಿಸಿಕೊಡುತ್ತೇನೆ ಅಂತ ಒಂದು ಅಂಕಿಯನ್ನು ನಾನೇ ಕೊಟೇಶನ್ನಿನಲ್ಲಿ ಹಾಕುತ್ತೇನೆ.

ಪೀಸ್ ರೇಟಿಗೆ ಬಂದರೆ, ಕುರ್ತಿ, ಲೆಗ್ಗಿಂಗ್, ಶರ್ಟು, ಮಕ್ಕಳ ಬಟ್ಟೆ ಇಂಥವಕ್ಕೆ ಇದೇ ಸರಿ. ಆನ್‌ಲೈನ್ ಮಾರಾಟದ ಫೋಟೋಗೆ ನಿಯಮ ಮೊದಲೇ ಗೊತ್ತಿರುತ್ತದೆ. ಅಮೆಜಾನ್‌ನಲ್ಲಿ ಮುಖ್ಯ ಫೋಟೋದ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ವಸ್ತು ಚೌಕಟ್ಟಿನ ಶೇ. 85ರಷ್ಟು ತುಂಬಿರಬೇಕು. ಮುಂದೆ, ಹಿಂದೆ, ಪಕ್ಕ, ಒಂದು ಹತ್ತಿರದ ಶಾಟ್. ಲೈಟು ಒಮ್ಮೆ ಹಾಕಿದರೆ ಸಂಜೆವರೆಗೂ ಅಲುಗಿಸುವ ಹಾಗಿಲ್ಲ. ಕೈ ಓಡಿದಷ್ಟೂ ದುಡ್ಡು. ಅಂಗಡಿಯವರಿಗೂ ಒಂದು ಪೀಸಿನ ಮೇಲೆ ಫೋಟೋ ಖರ್ಚು ಎಷ್ಟು ಬಿತ್ತು ಅಂತ ತಕ್ಷಣ ಗೊತ್ತಾಗುತ್ತದೆ.

ಜಗಳ ಬರುವುದು ‘ಪೀಸ್’ ಅಂದರೆ ಏನು ಅಂತ ಮೊದಲೇ ಬರೆಯದಿದ್ದಾಗ. ಒಂದೇ ಡಿಸೈನು, ಆರು ಬಣ್ಣ. ಅಂಗಡಿಯವರ ಲೆಕ್ಕದಲ್ಲಿ ಅದು ಒಂದು ಪೀಸ್, ನಮ್ಮ ಲೆಕ್ಕದಲ್ಲಿ ಆರು. ಖಣದ ಬಟ್ಟೆಯ ಬ್ಲೌಸ್ ಸೀರೆ ಜೊತೆಗೇ ಬಂದರೆ ಅದು ಬೇರೆ ಪೀಸೋ ಅಲ್ಲವೋ? ಕಸೂತಿ ಇದ್ದರೆ ಇನ್ನೂ ಸೂಕ್ಷ್ಮ. ಗವಂತಿ, ಮುರ್ಗಿ ಹೊಲಿಗೆಗಳನ್ನು ಎಳೆ ಎಣಿಸಿ ಹಾಕಿರುತ್ತಾರೆ. ಧಾರವಾಡದ ಹೆಣ್ಣುಮಕ್ಕಳು ವಾರಗಟ್ಟಲೆ ಕೂತು ಹಾಕಿದ ಕೆಲಸವನ್ನು ಪೂರ್ತಿ ಸೀರೆಯ ಒಂದು ಫೋಟೋದಲ್ಲಿ ತೋರಿಸಿದರೆ ಅದು ಪ್ರಿಂಟ್ ಥರ ಕಾಣುತ್ತದೆ. ಆಗ ಕೊಳ್ಳುವವರು ‘ಇಷ್ಟ್ಯಾಕ್ರಿ ರೇಟು?’ ಅಂತ ಕೇಳದೆ ಇರುತ್ತಾರಾ? ಮ್ಯಾಕ್ರೋ ಲೆನ್ಸ್ ಹಾಕಿ ತೀರಾ ಹತ್ತಿರದಿಂದ ತೆಗೆಯುವ ಶಾಟ್‌ಗೆ ನಾನು ಬೇರೆ ರೇಟು ಬರೆಯುತ್ತೇನೆ. ಅದು ಬೇಡ ಅಂದವರಿಗೂ ಒಂದಾದರೂ ತೆಗೆಸಿ ಅಂತ ಒತ್ತಾಯ ಮಾಡುತ್ತೇನೆ.

ಬಣ್ಣದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ಬಟ್ಟೆ ವಾಪಸ್ ಬರಲು ಒಂದು ಕಾರಣ, ಫೋಟೋದ ಬಣ್ಣ ಬೇರೆ ಕೈಗೆ ಬಂದ ಬಣ್ಣ ಬೇರೆ ಅನ್ನುವುದು. ಎರಡು ಬಣ್ಣದ ಎಳೆ ಹಾಕಿ ನೇಯ್ದ ರೇಷ್ಮೆ ಬೆಳಕಿನ ಕೋನ ಬದಲಾದಂತೆ ಬಣ್ಣ ಬದಲಿಸುತ್ತದೆ. ಬಣ್ಣ ಹೋಲಿಸಿ ನೋಡುವ ಕಲರ್ ಕಾರ್ಡ್ ಇಟ್ಟು ತೆಗೆದು, ಬಟ್ಟೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಎಡಿಟ್ ಮಾಡಬೇಕು. ಆ ಹೊತ್ತು ಪೀಸ್ ರೇಟಿನಲ್ಲಿ ಸೇರಿರಬೇಕು. ತೀರಾ ಕಡಿಮೆ ರೇಟು ಹೇಳುವವರು ಸಾಮಾನ್ಯವಾಗಿ ಬಿಡುವುದು ಈ ಕೆಲಸವನ್ನೇ.

ಪ್ಯಾಕೇಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಎಲ್ಲಾ ಸೇರಿ 40 ಸಾವಿರ’ ಅಂದರೆ ಕೇಳುವವರಿಗೆ ಹಗುರ. ಮಾಡೆಲ್, ಮೇಕಪ್, ಸೀರೆ ಉಡಿಸುವವರು, ಸಹಾಯಕ, ಗಾಡಿ, ಊಟ, ಜಾಗದ ಬಾಡಿಗೆ ಎಲ್ಲ ಅದರೊಳಗೇ. ತೊಂದರೆ ಏನೆಂದರೆ, ಖರ್ಚು ಏರಿದರೆ ಫೋಟೋಗ್ರಾಫರ್ ಉಳಿಸುವುದು ಗುಣಮಟ್ಟದಲ್ಲೇ. ಮೇಕಪ್‌ಗೆ ಅಗ್ಗದವರು ಬರುತ್ತಾರೆ, ಸಹಾಯಕ ಬರುವುದೇ ಇಲ್ಲ. ಬೆಂಗಳೂರಿನಿಂದ ಮಾಡೆಲ್ ಬಂದರೆ ರೈಲು, ರೂಮು ಸೇರುತ್ತದೆ. ಲಕ್ಕುಂಡಿಯಲ್ಲಿ ಕಾಶಿ ವಿಶ್ವನಾಥ ಗುಡಿಯ ಮುಂದೆ ತೆಗೆಯೋಣ ಅಂತ ಶೂಟ್‌ನ ಹಿಂದಿನ ವಾರ ಹೇಳುವವರು ಇದ್ದಾರೆ. ಅದು ಪುರಾತತ್ವ ಇಲಾಖೆ ಕಾಯುವ ಸ್ಮಾರಕ. ಮಾಡೆಲ್, ಲೈಟು, ಸ್ಟ್ಯಾಂಡು ಇಟ್ಟುಕೊಂಡು ಜಾಹೀರಾತಿಗೆ ತೆಗೆಯಬೇಕಾದರೆ ಮೊದಲೇ ಅರ್ಜಿ ಹಾಕಿ ಅನುಮತಿ ತರಬೇಕು, ಶುಲ್ಕ ಕಟ್ಟಬೇಕು. ಆ ಖರ್ಚು ಪ್ಯಾಕೇಜಿನ ಒಳಗೋ ಹೊರಗೋ? ಹಬ್ಬಕ್ಕೆ ಮೂರು ನಾಲ್ಕು ಫೋಟೋ ಬೇಕು ಅನ್ನುವ ಸಣ್ಣ ಬುಟಿಕ್‌ಗೆ ಪ್ಯಾಕೇಜ್ ನಡೆಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ ನಾನು ಕೊಡುವುದಿಲ್ಲ. ಹೊರಗಿನ ಖರ್ಚನ್ನು ಬಿಲ್ ಪ್ರಕಾರ ಬೇರೆ ತೋರಿಸಿದರೆ ಇಬ್ಬರಿಗೂ ನೆಮ್ಮದಿ.

ಇನ್ನು ನಾಲ್ಕನೆಯದು, ಕೆಲಸಕ್ಕೆ ಬೇರೆ ಬಳಕೆಗೆ ಬೇರೆ ಅನ್ನುವ ಲೆಕ್ಕ. ಇದು ನಮ್ಮ ಊರಲ್ಲಿ ಇನ್ನೂ ಹೊಸದು. ನನ್ನ ಮಟ್ಟಿಗೆ ಜಾಹೀರಾತಿನ ಶೂಟ್‌ಗೆ ಇದೊಂದೇ ಸರಿಯಾದ ದಾರಿ.

ಒಂದೇ ಫೋಟೋ. ಒಂದು ಅಂಗಡಿ ಅದನ್ನು ಇನ್‌ಸ್ಟಾಗ್ರಾಮಿನಲ್ಲಿ ಮೂರು ತಿಂಗಳು ಇಡುತ್ತದೆ. ಇನ್ನೊಂದು ಅಂಗಡಿ ಅಂಥದ್ದೇ ಫೋಟೋವನ್ನು ಚೆನ್ನಮ್ಮ ಸರ್ಕಲ್ಲಿನ ಹೋರ್ಡಿಂಗ್‌ಗೆ, ಗದಗ, ಹಾವೇರಿಯ ಬಸ್ಸಿನ ಹಿಂಬದಿಗೆ, ಸೀರೆ ಡಬ್ಬಿಯ ಮುಚ್ಚಳಕ್ಕೆ ಎರಡು ವರ್ಷ ಹಾಕುತ್ತದೆ. ತೆಗೆಯಲು ಹಿಡಿದ ಹೊತ್ತು ಒಂದೇ. ಆದರೆ ಎರಡನೆಯ ಅಂಗಡಿಗೆ ಅದರಿಂದ ಬರುವ ಲಾಭ ಬೇರೆ. ಮಾಡೆಲ್‌ಳ ಮುಖ, ನಮ್ಮ ಕೆಲಸ ಎರಡೂ ಊರ ತುಂಬ ಒಬ್ಬರ ಹೆಸರಿಗೆ ಅಂಟಿಕೊಂಡಿರುತ್ತವೆ. ಆ ಎರಡು ವರ್ಷ ಅದೇ ಮಾಡೆಲ್‌ಳನ್ನು ಬೇರೆ ಸೀರೆ ಅಂಗಡಿ ಕರೆಯುವುದಿಲ್ಲ. ಹೊಲ ಲಾವಣಿಗೆ ಕೊಡುವಾಗ ಎಷ್ಟು ಎಕರೆ, ಎಷ್ಟು ವರ್ಷ ಅಂತ ಕೇಳಿಯೇ ಬೆಲೆ ಹೇಳುವುದಿಲ್ಲವೇ? ಇಲ್ಲಿಯೂ ಹಾಗೆ. ಎಲ್ಲೆಲ್ಲಿ ಹಾಕುತ್ತೀರಿ, ಎಷ್ಟು ದಿನ, ಯಾವ ಊರು ಅಥವಾ ರಾಜ್ಯದವರೆಗೆ, ನಿಮಗೊಬ್ಬರಿಗೇನಾ? ಈ ನಾಲ್ಕು ತಿಳಿದ ಮೇಲೆ ಕೆಲಸದ ಫೀಸಿನ ಮೇಲೆ ಬಳಕೆಯ ಫೀಸು ಸೇರಿಸುತ್ತೇನೆ. ಕೆಲಸದ ಫೀಸು 15,000 ಅಂದುಕೊಳ್ಳಿ. ಅಂಗಡಿಯ ಸ್ವಂತ ಪೇಜ್, ವಾಟ್ಸ್ಯಾಪ್‌ಗೆ ಆರು ತಿಂಗಳು ಅಂದರೆ ಅದರಲ್ಲೇ ಸೇರಿದೆ. ಜಿಲ್ಲೆಯೊಳಗೆ ಹೋರ್ಡಿಂಗ್ ಒಂದು ವರ್ಷ ಅಂದರೆ ಅದರ ಅರ್ಧ ಮೇಲೆ, ರಾಜ್ಯವಿಡೀ ಅಂದರೆ ಕೆಲಸದ ಫೀಸಿನಷ್ಟೇ ಮೊತ್ತ ಮೇಲೆ. ಅನುಪಾತ ನಿಮ್ಮ ಮಾರುಕಟ್ಟೆ ನೋಡಿಕೊಂಡು ನೀವೇ ಮಾಡಿಕೊಳ್ಳಬೇಕು.

ಇಲ್ಲಿ ಕಾನೂನು ಗೊತ್ತಿರಲೇಬೇಕು. ಯೂಟ್ಯೂಬಿನಲ್ಲಿ ಅಮೆರಿಕದವರು ‘ತೆಗೆದವನದೇ ಕಾಪಿರೈಟ್’ ಅನ್ನುವುದನ್ನು ಕೇಳಿ ನಮ್ಮ ಹುಡುಗರೂ ಹಾಗೇ ನಂಬಿದ್ದಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದು. ಬೇರೆ ಥರ ಒಪ್ಪಂದ ಇದ್ದರೆ ಮಾತ್ರ ನಮ್ಮದು. ಅಂದರೆ ಒಪ್ಪಂದ ಮಾಡಿಕೊಳ್ಳದೆ ಶೂಟ್ ಮಾಡಿ, ಆಮೇಲೆ ಹೋರ್ಡಿಂಗ್ ನೋಡಿ ‘ಇದಕ್ಕೆ ಬೇರೆ ಕೊಡಬೇಕಿತ್ತು’ ಅಂದರೆ ನಮಗೆ ನೆಲೆ ಇರುವುದಿಲ್ಲ. ಹಕ್ಕು ನಮ್ಮದು ಅಂತ ಬರೆದುಕೊಂಡ ಮೇಲೂ ಬಳಕೆ ಎಷ್ಟು ಕಾಲ, ಎಲ್ಲಿಯವರೆಗೆ ಅನ್ನುವುದನ್ನು ಬಿಡಬಾರದು. 19ನೇ ಸೆಕ್ಷನ್ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ ಅಂತಲೂ, ಜಾಗ ಬರೆಯದಿದ್ದರೆ ಇಡೀ ಭಾರತ ಅಂತಲೂ ಲೆಕ್ಕ. ಮೂರು ತಿಂಗಳ ದುಡ್ಡಿಗೆ ಐದು ವರ್ಷದ ಬಳಕೆ ಹೋಗಿಬಿಡುತ್ತದೆ. ಒಂದು ಪುಟದ ಕಾಗದ, ಇಬ್ಬರ ಸಹಿ ಸಾಕು. ಕನ್ನಡದಲ್ಲೇ ಬರೆಯಿರಿ, ಸಾವಕಾರರು ಓದಿ ಸಹಿ ಹಾಕುತ್ತಾರೆ.

ಮಾಡೆಲ್‌ಳ ಒಪ್ಪಿಗೆ ಪತ್ರವೂ ಇದಕ್ಕೆ ಹೊಂದಬೇಕು. ಆಕೆ ಆರು ತಿಂಗಳ ಆನ್‌ಲೈನ್ ಬಳಕೆಗೆ ಅಂತ ದುಡ್ಡು ತಗೊಂಡಿದ್ದರೆ, ನಾವು ಅಂಗಡಿಗೆ ಎರಡು ವರ್ಷದ ಹೋರ್ಡಿಂಗ್ ಕೊಡಲು ಬರುವುದಿಲ್ಲ. ಧಾರವಾಡದ ಕಾಲೇಜು ಹುಡುಗಿಯರು ಈಗ ಈ ಕೆಲಸಕ್ಕೆ ಬರುತ್ತಿದ್ದಾರೆ. ಫೋಟೋ ಎಲ್ಲೆಲ್ಲಿ ಬರುತ್ತದೆ ಅಂತ ಅವರಿಗೂ ಮನೆಯವರಿಗೂ ಮೊದಲೇ ಹೇಳುವುದು ನಮ್ಮ ಕರ್ತವ್ಯ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

‘ಫೋಟೋ ನಮ್ದು, ರೊಕ್ಕಾ ಕೊಟ್ಟೇವಿ, ಎಲ್ಲಿ ಬೇಕಾದಲ್ಲಿ ಹಾಕ್ಕೋತೇವಿ’ ಅನ್ನುವವರು ಸಿಗುತ್ತಾರೆ. ಅವರ ಜೊತೆ ವಾದ ಬೇಡ. ಪೂರ್ತಿ ಹಕ್ಕಿನ ಬೆಲೆಯನ್ನೂ ಪಕ್ಕದಲ್ಲೇ ಬರೆದು ತೋರಿಸಿದರೆ ಬಹಳಷ್ಟು ಜನ ತಮಗೆ ಬೇಕಾದಷ್ಟನ್ನೇ ಆರಿಸುತ್ತಾರೆ. ಸಣ್ಣ ಅಂಗಡಿಗೆ ಇದರಿಂದ ಖರ್ಚು ಇಳಿಯುತ್ತದೆ. ಎಲ್ಲ ಬಳಕೆಗೂ ಸೇರಿ ಒಂದೇ ದೊಡ್ಡ ರೇಟು ಕೊಡುವ ಬದಲು ಪೇಜ್‌ಗೆ ಬೇಕಾದಷ್ಟಕ್ಕೆ ಮಾತ್ರ ಕೊಟ್ಟರಾಯಿತು. ವ್ಯಾಪಾರ ಬೆಳೆದಾಗ ಅದೇ ಫೋಟೋಗೆ ಅವಧಿ ಹೆಚ್ಚಿಸಿಕೊಳ್ಳಬಹುದು.

ಹಾಗಾಗಿ ಈಗ ಕೆಲಸ ನೋಡಿ ಲೆಕ್ಕ ಆರಿಸುತ್ತೇನೆ. ಆನ್‌ಲೈನ್ ಕುರ್ತಿ, ಶರ್ಟಿಗೆ ಪೀಸ್ ರೇಟು. ಸೀರೆ ಕ್ಯಾಟಲಾಗ್‌ಗೆ ದಿನದ ರೇಟು. ಹೋರ್ಡಿಂಗ್, ಪತ್ರಿಕೆ ಜಾಹೀರಾತು, ಡಬ್ಬಿಯ ಮೇಲಿನ ಚಿತ್ರ ಇದ್ದರೆ ದಿನದ ರೇಟಿನ ಮೇಲೆ ಬಳಕೆಯ ಫೀಸು.

ಲೆಕ್ಕ ಯಾವುದೇ ಇರಲಿ, ಅರ್ಧ ಅಡ್ವಾನ್ಸ್ ಬಂದ ಮೇಲೆ ತಾರೀಖು ಹಿಡಿಯಿರಿ. ಧಾರವಾಡದ ಜಿಟಿಜಿಟಿ ಮಳೆಗೆ ಹೊರಗಿನ ಶೂಟ್ ನಿಂತರೆ ಏನು ಅಂತಲೂ ಬರೆದಿರಲಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಬಿಲ್ಲಿಗೆ ಶೇ. 18 ಸೇರುತ್ತದೆ. ಕೊಟೇಶನ್ನಿನಲ್ಲೇ ‘ಜಿಎಸ್‌ಟಿ ಬೇರೆ’ ಅಂತ ಹಾಕಿ. ಸಾಮಾನ್ಯ ನೋಂದಣಿ ಇರುವ ಅಂಗಡಿಗೆ ಅದರ ಕ್ರೆಡಿಟ್ ಸಿಗುತ್ತದೆ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು. ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಸಿಗಲ್ಲ. ಸಣ್ಣ ಅಂಗಡಿಯವರು ಗೊಣಗಿದರೆ ಕಾರಣ ಇದೇ ಇರಬಹುದು. ಉಳಿದ ದುಡ್ಡಿಗೆ ‘ಹಬ್ಬಾ ಆದಮ್ಯಾಲೆ ನೋಡೋಣ್ರಿ’ ಅನ್ನುವ ಮಾತು ನಮ್ಮ ಕಡೆ ಮಾಮೂಲು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ನಮ್ಮ ಕಡೆ ನಿಲ್ಲುತ್ತದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಕೊಡಬೇಕು, ತಡ ಮಾಡಿದರೆ ಚಕ್ರಬಡ್ಡಿ. ನೋಂದಣಿ ಉಚಿತ, ಆನ್‌ಲೈನಿನಲ್ಲೇ ಆಗುತ್ತದೆ. ನಂಬರ್ ಸಿಕ್ಕ ಮೇಲೆ ಅದನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ.